ದೇವೀರಿ ತೂಕದ ಬೆಲ್ಲ

ಬಾ ಇಲ್ಲಿ, ಮಲಕ್ಕೋ. ಹೊಟ್ಟೆ ಮೇಲಿಂದ ಕೈ ತೆಗಿ, ನಾನು ಸವರ್ತೀನಿ. ಯಾರು ಹೇಳಿದ್ರು ನಿಂಗೆ ಒಂದೇ ಸಲಕ್ಕೆ ಮೂರು ಮುದ್ದೆ ನುಂಗು ಅಂತ? ಮೂಲೆಮನೆ ಲಕ್ಕಮ್ಮ ಏನೋ ಅಂದ್ಲು, ನಿಮ್ಮವ್ವ ನಿಂಗೆ ಊಟ ಹಾಕಲ್ವಾ, ಮೂಳೆ ಎಣಿಸಬಹುದು ಅಂತ. ಅದಕ್ಕೆ ಹಿಂಗೆ ಹೊಟ್ಟೆ ಬಿರಿಯೋ ಹಂಗೆ ತಿಂದುಬಿಡೋದಾ? ಅವಳ ಬಾಯಿಗಿಷ್ಟು... ಬೇಡ ಬಿಡು, ಮಲಗೋ ಹೊತ್ತಲ್ಲಿ ಯಾಕೆ ಬೈಲಿ. ಕತೆ ಹೇಳ್ತೀನಿ, ಹೂಂ ಅಂತಿರು. ಹೂಂ ಅನ್ನದಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ನಿಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಬೆಲ್ಲದಕೊಪ್ಪಲು ಅಂತ ಒಂದೂರಿತ್ತಂತೆ. ನಲವತ್ತು ಮನೆ, ಸುತ್ತ ಕಬ್ಬಿನ ಗದ್ದೆ, ಊರ ಮುಂದೆ ಆಲೆಮನೆ. ಕಬ್ಬು ಅರೆದು, ಕಬ್ಬಿನ ಹಾಲು ಕಾಯಿಸಿ, ಪಾಕ ತೆಗೆದು, ಮರದ ಅಚ್ಚಿಗೆ ಹುಯ್ದು ಬೆಲ್ಲ ಮಾಡೋದೇ ಅವರ ಕೆಲಸವಂತೆ. ಆ ಊರಲ್ಲೊಂದು ಶಾಸ್ತ್ರ. ಮದುವೆ ಹಿಂದಿನ ದಿನ ಆಲೆಮನೆ ಮುಂದಿನ ಹುಣಸೆ ಮರಕ್ಕೆ ದೊಡ್ಡ ತಕ್ಕಡಿ ಕಟ್ಟಿ, ಒಂದು ತಟ್ಟೇಲಿ ಮದುವೆ ಹುಡುಗೀನ ಕೂರಿಸಿ, ಇನ್ನೊಂದು ತಟ್ಟೆಗೆ ಗಂಡಿನ ಕಡೆಯವರು ಅಚ್ಚುಬೆಲ್ಲ ಹಾಕ್ತಾ ಬರಬೇಕು. ತಕ್ಕಡಿ ಸಮ ಆದ ಮೇಲೆ ಆ ಬೆಲ್ಲಾನ ಮನೆಗೊಂದು ಅಚ್ಚಿನ ಹಂಗೆ ಊರಿಗೆಲ್ಲ ಹಂಚಬೇಕು. ಒಂದೇ ಒಂದು ಮನೆಗೆ ಕಮ್ಮಿ ಬಿದ್ರೂ ಆ ವರ್ಷ ಮದುವೆ ಇಲ್ಲ, ಮುಂದಿನ ಸುಗ್ಗಿಗೇ. ಏನು, ಒಡೆದು ಅರ್ಧರ್ಧ ಕೊಡಬಾರದಾ ಅಂತೀಯಾ? ಶಾಸ್ತ್ರದ ಬೆಲ್ಲ ಒಡೆದ್ರೆ ಅಪಶಕುನ ಅಂತೆ. ನನ್ನ ಕೇಳಿದ್ರೆ ಶಾಸ್ತ್ರಾನೂ ಮಣ್ಣು, ಅಪಶಕುನಾನೂ ಮಣ್ಣು, ಆದ್ರೆ ಅವರು ನನ್ನ ಕೇಳಲಿಲ್ಲ.

ಆ ಊರಲ್ಲಿ ದೇವೀರಿ ಅಂತ ಒಬ್ಬಳು ಹುಡುಗಿ. ಅಪ್ಪ ತೆಳ್ಳಗೆ, ಅವ್ವ ತೆಳ್ಳಗೆ, ಅವಳೂ ತೆಳ್ಳಗೆ. ಅಚ್ಚು ತೊಳೆದು, ಬೆಲ್ಲ ಅಂಟದ ಹಂಗೆ ನೀರು ಹಚ್ಚಿ ಇಡೋ ಕೆಲಸ ಅವಳದು. ದಿನವೆಲ್ಲ ಓಡಾಡೋಳು, ಹಸಿದಷ್ಟು ಉಣ್ಣೋಳು, ಜ್ವರ ಇಲ್ಲ, ನೆಗಡಿ ಇಲ್ಲ. ಹೊಳೆ ಆಚೆ ಊರಿಂದ ಜವರ ಅನ್ನೋ ಹುಡುಗ ಗಾಡೀಲಿ ಕಬ್ಬು ತರೋನು. ಅವನಿಗೆ ಇವಳ ಮೇಲೆ ಮನಸ್ಸು, ಇವಳಿಗೆ ಅವನ ಮೇಲೆ ಮನಸ್ಸು. ಆಮೇಲೆ ಮನೆಯವರೂ ಒಪ್ಪಿ, ಮೂರು ತಿಂಗಳಿಗೆ ಮದುವೆ ಗೊತ್ತಾಯ್ತಂತೆ. ಆದ್ರೆ ಜವರನ ಅಪ್ಪ ಖಡಾಖಂಡಿತ ಹೇಳಿಬಿಟ್ಟನಂತೆ, ಈ ಸುಗ್ಗೀಲಿ ಆಗದಿದ್ರೆ ನಾವು ಬೇರೆ ಹೆಣ್ಣು ನೋಡ್ತೀವಿ, ಇನ್ನೊಂದು ವರ್ಷ ಕಾಯಕ್ಕಾಗಲ್ಲ ಅಂತ.

ಅಷ್ಟೇ ನೋಡು, ನಲವತ್ತು ಮನೆ ಕಣ್ಣೂ ಅವಳ ಮೈಮೇಲೆ ಬಿತ್ತು. ಬಾವಿಗೆ ಹೋದ್ರೆ ಒಬ್ಬಳು, ಏನೇ ಹಿಂಗೆ ಒಣಗಿದ್ದೀಯ, ನೀನು ಮೂವತ್ತಚ್ಚೂ ತೂಗಲ್ಲ, ನಮ್ಮನೆ ಊರ ಕೊನೇಲಿದೆ, ನಮಗೆ ಬೆಲ್ಲ ಸಿಕ್ಕಿದ ಹಂಗೇ ಅಂದ್ಲಂತೆ. ಅಲ್ಲಿಂದ ಗದ್ದೆಗೆ ಹೋದ್ರೆ ಇನ್ನೊಬ್ಬಳು, ಪುಣ್ಯವಂತೆ ಕಣೇ ನೀನು, ನಾನು ನೀರು ಕುಡಿದ್ರೂ ಊದ್ಕೋತೀನಿ ಅಂದ್ಲಂತೆ. ಬೆಳಿಗ್ಗೆ ಒಬ್ಬ ಇನ್ನೂ ಇಳಿದುಹೋದೆಯಲ್ಲವ್ವ ಅಂದ್ರೆ, ಸಂಜೆ ಇನ್ನೊಬ್ಬ ಪರವಾಗಿಲ್ಲ, ಸ್ವಲ್ಪ ಮೈ ಬಂತು ಅನ್ನೋನು. ನಡುವೆ ಅವಳು ಉಂಡಿದ್ದು ಒಂದೇ ಮುದ್ದೆ! ದೇವೀರಿಗೆ ತಲೆಕೆಟ್ಟು ಹೋಯ್ತಂತೆ. ನಾನು ಪುಣ್ಯವಂತೆಯೋ, ಪಾಪಿಯೋ? ನಾಚಿಕೆ ಪಡಬೇಕೋ, ಖುಷಿ ಪಡಬೇಕೋ? ನಾನು ಹೆಂಗಿದ್ದೀನಿ ಅಂತ ನನಗೇ ಗೊತ್ತಾಗ್ತಿಲ್ವಲ್ಲ ಅಂತ ನೆರಳು ನೋಡ್ಕೊಂಡ್ರೆ, ಬೆಳಿಗ್ಗೆ ನೆರಳು ಕಬ್ಬಿನ ಜಲ್ಲೆ ಹಂಗೆ ಉದ್ದ, ಮಧ್ಯಾಹ್ನ ಕುಳ್ಳಗೆ, ದುಂಡಗೆ. ಯಾವುದನ್ನ ನಂಬೋದು? ಬರಬರ್ತಾ ನೆರಳನ್ನೂ ನೋಡೋದು ಬಿಟ್ಟುಬಿಟ್ಲಂತೆ.

ಆಮೇಲೆ ಅವಳ ದೊಡ್ಡಮ್ಮ ಬಂದ್ಲಂತೆ. ನಾನು ನೋಡ್ಕೋತೀನಿ ಬಿಡ್ರಿ ಅಂತ ಒಂದು ತಿಂಗಳು ಬೆಳಿಗ್ಗೆ ತುಪ್ಪದಲ್ಲಿ ಅದ್ದಿದ ಹೋಳಿಗೆ, ಮಧ್ಯಾಹ್ನ ಹೆಸರುಂಡೆ, ಸಂಜೆ ಗಟ್ಟಿ ಹಾಲು ಬಾಯಿಗೆ ತುರುಕಿದ್ದೇ ತುರುಕಿದ್ದು. ಹೊಟ್ಟೆ ಕೆಟ್ಟು ಹಿತ್ತಲಿಗೂ ಮನೆಗೂ ಓಡಾಡಿದ್ದೇ ಬಂತು, ಮೊದಲಿದ್ದಷ್ಟೇ ಮೈ. ಆಮೇಲೆ ಚಿಕ್ಕಮ್ಮ ಬಂದ್ಲಂತೆ. ಇವಳು ಓಡಾಡೋದೇ ತಪ್ಪು, ಮಲಗಿಸ್ರಿ ಅಂದು ಇನ್ನೊಂದು ತಿಂಗಳು ಚಾಪೆಯಿಂದ ಏಳಗೊಡಲಿಲ್ಲವಂತೆ. ಸೊಂಟ ಹಿಡ್ಕೊಳ್ತು, ತಲೇಲಿ ಹೇನಾಯ್ತು, ಮೈ ಮಾತ್ರ ಅಷ್ಟೇ. ಆಲೆಮನೇಲಿ ಅವಳಿಲ್ಲದೆ ಅಚ್ಚಿಗೆಲ್ಲ ಬೆಲ್ಲ ಅಂಟಿಕೊಂಡು ಕೂತಿತ್ತಂತೆ, ಅದನ್ನ ಒಬ್ಬರೂ ಎತ್ತಿ ಆಡಲಿಲ್ಲ.

ಮದುವೆ ನಾಳೆ ಅನ್ನೋವಾಗ ಮೂರನೆಯವಳು, ಅವಳ ಸೋದರತ್ತೆ ಬಂದು ಬಾಗಿಲು ಹಾಕ್ಕೊಂಡ್ಲಂತೆ. ಹಿತ್ತಲಿಂದ ಒರಳು ಗುಂಡು ತಂದು, ಹಳೇ ಬಟ್ಟೇಲಿ ಸುತ್ತಿ, ದೇವೀರಿ ಹೊಟ್ಟೆಗೆ ಕಟ್ಟಿ, ಮೇಲೆ ದಪ್ಪ ಸೀರೆ ಉಡಿಸಿ, ಉಸಿರೆತ್ತಬೇಡ, ನಡಿ ಅಂದ್ಲಂತೆ. ದೇವೀರಿಗೆ ಇದು ಸರಿಯೋ ತಪ್ಪೋ ಅಂತ ಯೋಚನೆ ಮಾಡಕ್ಕೂ ತಲೆ ಓಡ್ತಿರಲಿಲ್ಲ. ಎಲ್ಲರೂ ದೊಡ್ಡೋರು, ಎಲ್ಲರೂ ನನ್ನ ಒಳ್ಳೇದಕ್ಕೇ ಹೇಳೋರು, ಹಂಗಾದ್ರೆ ಯಾಕೆ ಅಳು ಬರ್ತಿದೆ ಅಂತ ಅಂದ್ಕೊಂಡು ಹೋಗಿ ತಟ್ಟೇಲಿ ಕೂತ್ಕೊಂಡ್ಲಂತೆ.

ಜವರನ ಅಪ್ಪ ಒಂದೊಂದೇ ಅಚ್ಚು ಹಾಕ್ತಾ ಬಂದನಂತೆ. ಇಪ್ಪತ್ತು, ಮೂವತ್ತು, ಮೂವತ್ತೈದು, ಮೂವತ್ತೊಂಬತ್ತು, ನಲವತ್ತು! ತಕ್ಕಡಿ ಸಮ ಆಗಿ ನಿಂತುಬಿಡ್ತು. ಊರೆಲ್ಲ ಓ ಅಂತ ಕೂಗಿ, ನೋಡು ಹೆಂಗೆ ಮೈ ತುಂಬ್ಕೊಂಡಿದಾಳೆ, ಈಗ ಹೆಣ್ಣು ಅಂದ್ರೆ ಹೆಣ್ಣು ಅಂದ್ರಂತೆ. ಆಮೇಲೆ ಹುಡುಗಿ ಇಳಿದು ಊರಿಗೆ ಅಡ್ಡಬೀಳಬೇಕಲ್ಲ, ದೇವೀರಿ ಬಗ್ಗಿದ್ಲು ನೋಡು, ಗಂಟು ಸಡಿಲಾಗಿ ಒರಳು ಗುಂಡು ಧಡ್ ಅಂತ ಬಿದ್ದು, ಉರುಳಿ ಉರುಳಿ ಹೋಗಿ ಜವರನ ಅಪ್ಪನ ಕಾಲ ಹತ್ರ ನಿಂತ್ಕೊಳ್ತಂತೆ.

ನಗಬೇಡ ಕಣೇ, ಹೊಟ್ಟೆ ಇನ್ನೂ ನೋಯುತ್ತೆ. ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು. ಜವರನ ಅಪ್ಪ ಕೆಂಡಾಮಂಡಲ ಆಗಿ, ಇದೇನು ಮೋಸ, ನಡಿಯೋ ಜವರ ಅಂತ ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಮಗನ ಕೈ ಹಿಡ್ಕೊಂಡನಂತೆ. ಆಗ ಸೋದರತ್ತೆ ಮುಂದೆ ಬಂದು, ಅವಳನ್ನ ಅನ್ನಬೇಡಿ, ಕಟ್ಟಿದ್ದು ನಾನು, ನನ್ನ ಮದುವೇಲಿ ನನ್ನ ಮಡಿಲಲ್ಲೂ ಎರಡು ಸೇರು ಮರಳಿತ್ತು ಅಂದುಬಿಟ್ಲಂತೆ. ಆಮೇಲೆ ಬಾವಿ ಹತ್ರ ಅಂದಿದ್ದಳಲ್ಲ, ಅವಳು ಸೆರಗು ಬಾಯಿಗಿಟ್ಕೊಂಡು, ನನ್ನ ಸೊಂಟಕ್ಕೆ ಕುಟ್ಟಾಣಿ ಕಟ್ಟಿದ್ರು ಅಂದ್ಲಂತೆ. ಇನ್ನೊಬ್ಬಳು ಹಿತ್ತಾಳೆ ಚೊಂಬು ಅಂದ್ಲು, ಮತ್ತೊಬ್ಬಳು ತೂಕದ ಕಲ್ಲನ್ನೇ ಅಂದ್ಲು. ಜವರನ ಅವ್ವಾನೂ ಇದೇ ಊರಿನ ಹೆಣ್ಣುಮಗಳು, ಇದೇ ತಕ್ಕಡೀಲಿ ಕೂತೋಳು, ಗಂಡ ತಿರುಗಿ ನೋಡಿದ್ರೆ ಅವಳು ಹುಣಸೆ ಮರದ ಕಡೆ ಮುಖ ಮಾಡ್ಕೊಂಡು ನಿಂತಿದ್ಲಂತೆ.

ದೇವೀರಿಗೆ ಈಗಂತೂ ಪೂರ್ತಿ ಗೊಂದಲ. ನೀವು ಯಾರೂ ತೂಗಿಲ್ಲ ಅಂದ್ರೆ ಮತ್ತೆ ನಲವತ್ತಚ್ಚು ತೂಗಿದ್ದು ಯಾರು, ಈ ಅಚ್ಚನ್ನ ಯಾರ ಲೆಕ್ಕಕ್ಕೆ ಕೆತ್ತಿದ್ದು ಅಂತ ಕೇಳಿಬಿಟ್ಲಂತೆ. ಅಲ್ಲಿವರೆಗೆ ಆ ಊರಲ್ಲಿ ಅದನ್ನ ಕೇಳಿದವರೇ ಇರಲಿಲ್ಲ. ಪಾಕ ತೆಗೆಯೋ ಮುದುಕ ಚಲುವಯ್ಯ ಒಲೆ ಹತ್ರದಿಂದ ಎದ್ದು ಬಂದು ಹೇಳಿದನಂತೆ, ಇದು ದೊಡ್ಡತಾಯಮ್ಮನ ಅಚ್ಚು ಕಣವ್ವ, ಊರಲ್ಲಿ ಮೊದಲು ತೂಗಿದ್ದು ಅವಳನ್ನ, ಅವಳದು ಭಾರೀ ಮೈ, ಬಂದ ಬೆಲ್ಲಾನ ನಲವತ್ತು ಮನೆಗೆ ಸಮ ಮಾಡಿ ನಮ್ಮಜ್ಜ ಈ ಅಚ್ಚು ಕೆತ್ತಿದ್ದು. ಹಂಗಾದ್ರೆ ಅವಳನ್ನ ಎಲ್ಲ ಹೊಗಳಿರಬೇಕು ಅಂದ್ಲಂತೆ ದೇವೀರಿ. ಎಲ್ಲಿ ಹೊಗಳ್ತಾರೆ, ತಕ್ಕಡಿ ಹಗ್ಗ ಕಿತ್ತುಹೋಗುತ್ತೆ ಅಂತ ಊರೆಲ್ಲ ನಕ್ಕು, ಅವಳು ತಟ್ಟೇಲಿ ಕೂತೇ ಅತ್ತಿದ್ಲಂತೆ ಅಂದನಂತೆ ಚಲುವಯ್ಯ.

ಅದನ್ನ ಕೇಳಿ ದೇವೀರಿ ಅಳೋದು ನಿಲ್ಲಿಸಿದ್ಲು. ಸಿಟ್ಟು ಬಂತು ಅವಳಿಗೆ, ಬರಬೇಕಾದ್ದೇ. ಮೂರು ತಿಂಗಳು ನನ್ನ ಹಿಗ್ಗಿಸಕ್ಕೆ ನೋಡಿದ್ರಲ್ಲ, ಅಚ್ಚು ಕುಗ್ಗಿಸೋಣ ಅಂತ ನಿಮಗೆ ಯಾರಿಗೂ ಹೊಳೀಲಿಲ್ವಾ ಅಂದ್ಲಂತೆ. ಅಚ್ಚು ತೊಳೆಯೋಳಲ್ವಾ, ಅವಳಿಗೆ ಗೊತ್ತು, ತಳಕ್ಕೆ ಬಾಳೆಪಟ್ಟೆ ಹಾಸಿದ್ರೆ ಬೆಲ್ಲ ಸಣ್ಣದಾಗಿ ಬರುತ್ತೆ ಅಂತ. ಗುಂಡು ಅಲ್ಲೇ ಬಿಟ್ಟು, ತನ್ನ ದಿನದ ಸೀರೆ ಉಟ್ಕೊಂಡು ಬಂದು ತಿರುಗಿ ತಟ್ಟೇಲಿ ಕೂತ್ಲು. ಮೂವತ್ತಮೂರು ಅಚ್ಚಿಗೆ ತಕ್ಕಡಿ ಸಮ. ಜವರ ಅಪ್ಪನ ಕೈ ಬಿಡಿಸ್ಕೊಂಡು ಹೋಗಿ ಒಲೆಗೆ ಸೌದೆ ಹಾಕಿದನಂತೆ, ಚಲುವಯ್ಯ ಒಡೆದ್ರೆ ತಾನೇ ಅಪಶಕುನ, ಕರಗಿಸಿದ್ರಲ್ಲವಲ್ಲ ಅಂತ ಅಷ್ಟೂ ಬೆಲ್ಲ ಕೊಪ್ಪರಿಗೇಲಿ ಕರಗಿಸಿದನಂತೆ, ಬಾಳೆಪಟ್ಟೆ ಹಾಸಿ ಹಾಸಿ ಹುಯ್ದರೆ ನಲವತ್ತು ಬೆಲ್ಲ, ಒಂದೂ ಕಮ್ಮಿ ಇಲ್ಲ, ಒಂದೂ ಹೆಚ್ಚಿಲ್ಲ. ಊರ ಕೊನೇ ಮನೆಗೂ ಸಿಕ್ತು. ಜವರನ ಅಪ್ಪ ಹೆಂಡತಿ ಮುಖ ಒಂದು ಸಲ ನೋಡಿ, ಹೆಗಲ ಮೇಲಿನ ಟವಲ್ ಕೆಳಗೆ ಹಾಸಿ ಕೂತ್ಕೊಂಡನಂತೆ.

ಮಾರನೇ ದಿನ ಮದುವೆ ಆಯ್ತು. ಅಲ್ಲಿಂದೀಚೆಗೆ ಆ ಊರಲ್ಲಿ ಹುಡುಗಿ ನೋಡಿ ಅಚ್ಚು ಮಾಡ್ತಾರಂತೆ, ಮೈ ಇರೋಳಿಗೆ ದೊಡ್ಡ ಅಚ್ಚು, ಇಲ್ಲದೋಳಿಗೆ ಸಣ್ಣ ಅಚ್ಚು. ಆಡೋರು ಆಮೇಲೂ ಆಡಿದ್ರು, ಊರು ಅಷ್ಟು ಬೇಗ ಬಾಯಿ ಮುಚ್ಚುತ್ತಾ? ದೇವೀರಿ ಮಾತ್ರ ಹಸಿದಷ್ಟು ಉಂಡು, ಮಕ್ಕಳು ಮೊಮ್ಮಕ್ಕಳನ್ನ ಕಂಡು, ಕೊನೇವರೆಗೂ ಅಷ್ಟೇ ತೆಳ್ಳಗೆ ಇದ್ಲಂತೆ. ಅವರು ಅಲ್ಲಿ ತಣ್ಣಗಿದ್ರು, ಕತೆ ಇಲ್ಲಿಗೆ ಮುಗೀತು, ನೀನಿನ್ನು ಕಣ್ಣು ಮುಚ್ಚು.

ಏನು? ನಿನ್ನ ಅಚ್ಚು ಎಷ್ಟು ದೊಡ್ಡದು ಅಂತೀಯಾ?

ನಿನ್ನಷ್ಟೇ ಕಣವ್ವ. ನಾಳೆ ಒಂದೇ ಮುದ್ದೆ ಉಣ್ಣು, ಸಾಕು.