ಬಚ್ಚ ಡೀಸೆಲ್ ಪೈಪು ಹಾಕಿಸಿದ್ದು

ಒಂದು ಬಂದರು. ಬಂದರಿನಲ್ಲಿ ದುಗ್ಗಮ್ಮ. ದುಗ್ಗಮ್ಮನಿಗೆ ಒಂದು ಹಳೆಯ ದೋಣಿ, ಒಬ್ಬ ಪೆದ್ದ ಮಗ. ದೋಣಿ ಅವಳೇ ತಲೆಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಸಂಪಾದಿಸಿದ್ದು. ಮಗ ಬಚ್ಚ ದೇವರು ಪುಕ್ಕಟೆ ಕೊಟ್ಟದ್ದು.

ಬಚ್ಚ ಸೋಮಾರಿಯಲ್ಲ, ಸುಳ್ಳನಲ್ಲ. ಹೇಳಿದ್ದನ್ನು ಮಾಡುತ್ತಾನೆ. ಹೇಳಿದ್ದನ್ನೇ ಮಾಡುತ್ತಾನೆ! ಅದೇ ತಾಪತ್ರಯ.

ಮಳೆಗಾಲದ ರಜೆ ಮುಗಿದು ನಾಡಿದ್ದು ದೋಣಿಗಳು ಕಡಲಿಗೆ ಹೊರಡಬೇಕು. ನೋಡಿದರೆ ಇಂಜಿನ್ನಿಗೆ ಡೀಸೆಲ್ ಹೋಗುವ ಉಕ್ಕಿನ ಪೈಪು ತುಕ್ಕು ಹಿಡಿದು ಮೂರು ಕಡೆ ತೂತು! ಅಷ್ಟು ಹಳೆಯ ಇಂಜಿನ್ನಿನ ಪೈಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನೇರ ಪೈಪು ತಂದು ಬಗ್ಗಿಸಿ ಮಾಡಿಸಬೇಕು.

ದೋಣಿ ನಡೆಸುವ ಶೀನ ತಂಡೇಲ ಖಡಾಖಂಡಿತ ಹೇಳಿಬಿಟ್ಟ: "ದುಗ್ಗಕ್ಕ, ಮೊದಲ ದಿನ ನಿಮ್ಮ ದೋಣಿ ಹೊರಡದಿದ್ದರೆ ನಾನೂ ನನ್ನ ಜನವೂ ಬೇರೆ ದೋಣಿ ಹತ್ತುತ್ತೇವೆ."

ಜನ ಹೋದರೆ ದೋಣಿ ವರ್ಷವಿಡೀ ದಡದಲ್ಲೇ!

"ಬಚ್ಚಾ, ಈ ಹಳೆ ಪೈಪು ತಗೊಂಡು ಹೋಗಿ ಹೊಸತು ತಾ. ಥೇಟ್ ಇದರ ಹಾಗೇ ಇರಬೇಕು!"

"ಹೂಂ ಅಮ್ಮಾ!"

ತಂದ. ಫಳಫಳ ಹೊಳೆಯುವ ಪೈಪು. ಅದರಲ್ಲಿ ಮೊಳೆ ಹೊಡೆದು ಮಾಡಿದ ಮೂರು ತೂತು!

"ಥೇಟ್ ಹಾಗೇ ಇದೆ ಅಮ್ಮಾ, ಎಣಿಸಿ ನೋಡು!"

"ಅಯ್ಯೋ ನನ್ನ ಕರ್ಮವೇ! ತೂತು ಕಂಡರೆ ಮುಚ್ಚಬೇಕು ಮಾರಾಯಾ, ಹೊಡೆಯುವುದಲ್ಲ!"

"ಹೂಂ ಅಮ್ಮಾ, ಇನ್ನು ಮುಚ್ಚುತ್ತೇನೆ."

ಇನ್ನೊಂದು ಪೈಪು ತಂದ. ದಾರಿಯಲ್ಲಿ ನೋಡಿದ. ಈ ತುದಿಯಲ್ಲಿ ತೂತು! ಆ ತುದಿಯಲ್ಲೂ ತೂತು! ದೋಣಿಗೆ ಬಳಿಯುವ ಅಂಟು ಮೆತ್ತಿ ಎರಡನ್ನೂ ಗಟ್ಟಿಯಾಗಿ ಮುಚ್ಚಿದ.

"ಡೀಸೆಲ್ ಎಲ್ಲಿಂದ ಹೋಗಬೇಕು, ನಿನ್ನ ಮೂಗಿನಿಂದಲಾ?" ಎಂದು ದುಗ್ಗಮ್ಮ ಕೂಗಾಡಿದಳು. ಗರಗಸ ಹಿಡಿದು ಎರಡು ತುದಿಯನ್ನೂ ತಾನೇ ಕೊಯ್ದಳು. "ಪೈಪಿನೊಳಗೆ ಒಂದು ಚೂರು ಕಸವೂ ಇರಬಾರದು. ಏನಿದ್ದರೂ ಊದಿ ತೆಗೆ!"

"ಹೂಂ ಅಮ್ಮಾ, ಇನ್ನು ಊದುತ್ತೇನೆ."

ಪೈಪು ಹಿಡಿದು, ಇಂಜಿನ್ ರಿಪೇರಿ ಮಾಡುವ ಹಸನಬ್ಬ ಮೇಸ್ತ್ರಿಯ ಹತ್ತಿರ ಹೋದ. ಮೇಸ್ತ್ರಿ ಪೈಪಿನ ತುಂಬ ಒಣ ಮರಳು ತುಂಬಿದ. ಮರಳಿದ್ದರೆ ಬಗ್ಗಿಸುವಾಗ ಪೈಪು ಮುದುಡುವುದಿಲ್ಲ.

"ಹಿಡಕೊಂಡಿರು ಬಚ್ಚ, ಒಂದು ಚಾ ಕುಡಿದು ಬರುತ್ತೇನೆ."

ಬಚ್ಚ ಒಳಗೆ ಇಣುಕಿದ. ಅಬ್ಬಾ, ಎಷ್ಟು ಕಸ! ಕೆನ್ನೆ ಉಬ್ಬಿಸಿ ಊದಿದ, ಊದಿದ, ಎಲ್ಲ ಖಾಲಿ ಮಾಡಿದ. ಮೇಸ್ತ್ರಿ ಬಂದು ಬಗ್ಗಿಸಿದ. ಪೈಪು ಚಪ್ಪಟೆ!

"ಮರಳೆಲ್ಲಿ ಹೋಯಿತು?"

"ಕಸ ಇತ್ತು ಮೇಸ್ತ್ರಿಗಳೇ, ಊದಿದೆ!"

"ಯಾ ಅಲ್ಲಾ! ಮರಳು ತುಂಬದೆ ಯಾವ ಪೈಪನ್ನೂ ಬಗ್ಗಿಸಬಾರದು ಮಾರಾಯಾ!"

"ಹೂಂ ಮೇಸ್ತ್ರಿಗಳೇ, ಇನ್ನು ತುಂಬುತ್ತೇನೆ."

ಮೂರನೆಯ ಪೈಪು ತರಲು ದುಗ್ಗಮ್ಮನೇ ಹೋದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಮೇಸ್ತ್ರಿಯ ಎದುರಿಗೇ ನಿಂತಳು. ಅವನ ಕೈಯಿಂದಲೇ ಮರಳು ತುಂಬಿಸಿದಳು, ಬಗ್ಗಿಸಿದಳು, ಮರಳು ತೆಗೆಸಿ ತೊಳೆಸಿದಳು, ನಟ್ಟು ತೂರಿಸಿ ಅದು ಜಾರದ ಹಾಗೆ ತುದಿ ಅಗಲ ಮಾಡಿಸಿದಳು. ಪೈಪು ಇಂಜಿನ್ನಿಗೆ ಸರಿಯಾಗಿ ಕೂತಿತು. ಅಷ್ಟರಲ್ಲಿ ಹೊರಡುವ ದಿನ ಬಂದೇಬಿಟ್ಟಿತು!

ಇನ್ನು ಟ್ಯಾಂಕಿಗೆ ಡೀಸೆಲ್ ಇಳಿಸಬೇಕು. "ಬಚ್ಚಾ, ಆ ಪ್ಲಾಸ್ಟಿಕ್ ಪೈಪು ಬಗ್ಗಿಸಿ ಒಂದು ತುದಿ ಕ್ಯಾನಿಗೆ ಹಾಕು, ಇನ್ನೊಂದು ನನಗೆ ಕೊಡು," ಎಂದ ತಂಡೇಲ.

ಬಗ್ಗಿಸುವುದಾ? ಬಚ್ಚ ದಡಕ್ಕೆ ಓಡಿದ. ಮರಳು ತುಂಬಿದ. ಬಗ್ಗಿಸಿ ಕೊಟ್ಟ. ತಂಡೇಲ ಡೀಸೆಲ್ ಎಳೆಯಲು ತುದಿಗೆ ಬಾಯಿಟ್ಟು ಜೋರಾಗಿ ಹೀರಿದ.

"ಥೂ! ಥೂ! ಥೂ!"

ಬಾಯಿ ತೊಳೆದು, ಬೈದು, ಬೇರೆ ಪೈಪಿನಲ್ಲಿ ಡೀಸೆಲ್ ತುಂಬಿಸಿದ್ದಾಯಿತು. ದೋಣಿಗೆ ಬಂದಿದ್ದ ಮೇಸ್ತ್ರಿ, ಪೈಪಿನ ಗಾಳಿ ಹೊರಬಿಡಲು ಇಂಜಿನ್ನಿನ ಹತ್ತಿರ ಒಂದು ನಟ್ಟು ಸಡಿಲಿಸಿದ. ಗಾಳಿ ಸೇರಿದ ಡೀಸೆಲ್ ಗುಳುಗುಳು ಬಂತು.

"ನೋಡು ಬಚ್ಚ, ಗುಳ್ಳೆ ಕಂಡರೆ ಇಂಜಿನ್ ಓಡಿಸಲೇಬಾರದು. ಗುಳ್ಳೆ ನಿಲ್ಲಬೇಕು, ಆಮೇಲೆ ಓಡಿಸಬೇಕು!"

"ಹೂಂ ಮೇಸ್ತ್ರಿಗಳೇ."

ಬಚ್ಚ ಕಣ್ಣು ಮಿಟುಕಿಸದೆ ಕೂತ. ಗುಳ್ಳೆ ನಿಂತಿತು. ಸ್ಪ್ಯಾನರಿನಿಂದ ನಟ್ಟು ಬಿಗಿದ. ಇಂಜಿನ್ ದಡದಡ ಎಂದು ಶುರುವಾಯಿತು. ಒಂದೂ ತಪ್ಪಿಲ್ಲ! ದುಗ್ಗಮ್ಮನಿಗೇ ಹೆದರಿಕೆಯಾಯಿತು.

ದೋಣಿಗಳೆಲ್ಲ ಸಾಲಾಗಿ ಹೊರಟವು. ದುಗ್ಗಮ್ಮನದು ಎಲ್ಲಕ್ಕಿಂತ ಹಿಂದೆ. ಹತ್ತು ಮಾರು ಹೋಗಿಲ್ಲ, ಇಂಜಿನ್ ಗಪ್!

"ಯಾರು ನಿಲ್ಲಿಸಿದ್ದು?" ತಂಡೇಲ ಹೌಹಾರಿದ.

"ನಾನೇ! ಹಿಂದೆ ನೋಡಿ, ನೀರಿನಲ್ಲಿ ಎಷ್ಟು ಗುಳ್ಳೆ!"

"ಅದು ದೋಣಿ ತಳ್ಳುವ ಫ್ಯಾನು ತಿರುಗುವ ಗುಳ್ಳೆ ಮಾರಾಯಾ! ನೀನು ಹಿಂದೆ ನೋಡಲೇಬೇಡ. ಮುಂದೆ ಕೂತು ಮುಂದೆ ನೋಡು!"

ಇಂಜಿನ್ ಮತ್ತೆ ಶುರುವಾಯಿತು. ಬಚ್ಚ ಮುಂದೆ ಕೂತು ಮುಂದೆ ನೋಡಿದ. ಮುಂದಿನ ದೋಣಿಯ ಹಿಂದೆ ರಾಶಿ ಗುಳ್ಳೆ!

"ಹೋಯ್, ಇಂಜಿನ್ ನಿಲ್ಲಿಸಿ! ಗುಳ್ಳೆ! ಗುಳ್ಳೆ! ತಾಳಿ, ನಾನೇ ಬರುತ್ತೇನೆ!" ಎಂದು ಸ್ಪ್ಯಾನರು ಹಿಡಿದು ನೀರಿಗೆ ಹಾರಲು ಹೊರಟ.

ನಾಲ್ವರು ಅವನ ಸೊಂಟ ಹಿಡಿದರು. ಬೇರೆ ದಾರಿಯಿಲ್ಲದೆ ತಂಡೇಲ ಆ ದೋಣಿಯನ್ನು ಹಿಂದೆ ಹಾಕಿದ. ಅದರ ಮುಂದೆ ಇನ್ನೊಂದು ದೋಣಿ. "ಗುಳ್ಳೆ!" ಅದನ್ನೂ ಹಿಂದೆ ಹಾಕಿದ. ಮತ್ತೊಂದು. "ಗುಳ್ಳೆ!" ಅದೂ ಹಿಂದೆ!

ದೋಣಿ ಕಟ್ಟುವ ಧಕ್ಕೆಯ ಮೇಲೆ ದುಗ್ಗಮ್ಮ ಅಕ್ಕಪಕ್ಕದವರ ರಟ್ಟೆ ತಿವಿದಳು. "ನೋಡಿ ನೋಡಿ! ಎಲ್ಲರಿಗಿಂತ ಮುಂದೆ ಹೋಗುತ್ತಿರುವುದು ಯಾರ ದೋಣಿ?"

ದೋಣಿ, ಹೊಳೆ ಕಡಲು ಸೇರುವ ಅಳಿವೆ ದಾಟಿತು. ಮುಂದೆ ಒಂದು ದೋಣಿಯೂ ಇಲ್ಲ. ಬಚ್ಚನ ಬಾಯಿಯೂ ನಿಂತಿತು. ತಂಡೇಲ ಉಸ್ಸೆಂದು ಬೀಡಿ ಹಚ್ಚಿದ.

ಆಗ ಎದುರಿನಿಂದ ಒಂದು ದೊಡ್ಡ ತೆರೆ ಎದ್ದು, ಬೆಳ್ಳಗೆ ನೊರೆಯಾಗಿ ಒಡೆಯಿತು.

ಬಚ್ಚ ಸ್ಪ್ಯಾನರು ಎತ್ತಿಕೊಂಡು ದಡಬಡ ಎದ್ದ.

"ತಂಡೇಲರೇ! ಬೇಗ ಹೇಳಿ, ಈ ಕಡಲಿನ ಇಂಜಿನ್ ಎಲ್ಲಿದೆ?"