ಅಗಿಯದ ವೀಳ್ಯ

"ಕೇಳಿರಯ್ಯಾ ಕೇಳಿರಿ! ನಡುಗಡ್ಡೆಯ ರಕ್ಕಸನ ಮೂರು ಒಗಟು ಒಡೆದು ದೊರೆಗಳ ಮಾತು ಬಿಡಿಸಿ ತಂದವರಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿ ಕೇತಲೆಯನ್ನು ಕೊಟ್ಟು ಮದುವೆ! ಸೋತವರು ರಕ್ಕಸನ ಮಹಲಿಗೆ ಕಲ್ಲುಕಂಬ!"

ತಾವರೆಗಿರಿಯ ಬೀದಿಯಲ್ಲಿ ಡಂಗುರ ಸಾರುತ್ತಿದ್ದರೆ ಅರಮನೆಯಲ್ಲಿ ದೊರೆ ತಲೆ ಎತ್ತದೆ ಕೂತಿದ್ದ. ತಪ್ಪು ಅವನದೇ. ಹಿಂದೊಂದು ಬೇಸಿಗೆಯಲ್ಲಿ ರಕ್ಕಸ ಅವನನ್ನು ಹೊಳೆಯ ನಡುವಿನ ತನ್ನ ಮಹಲಿಗೆ ಕರೆದು, ಹೋಳಿಗೆ ತುಪ್ಪ ಬಡಿಸಿ, ಚಾಮರ ಬೀಸಿಸಿ, "ವರ್ಷಕ್ಕೊಂದು ವಾರ ಈ ಮಹಲು ನಿಮ್ಮದೇ. ನಿಮ್ಮ ಮಕ್ಕಳು ಮೊಮ್ಮಕ್ಕಳಿಗೂ ಹೀಗೇ. ಈ ಮಾತು ಇವತ್ತಿಗೆ ಮಾತ್ರ" ಎಂದು ವೀಳ್ಯ ಚಾಚಿದ್ದ. ಆ ಸೀಮೆಯಲ್ಲಿ ವೀಳ್ಯ ಅಗಿದರೆ ಮಾತು ಕೊಟ್ಟ ಹಾಗೆ. ಅಗಿಯದೆ, ಎಲೆ ಬಾಡುವ ಮೊದಲು ಹಿಂತಿರುಗಿಸಿದರೆ ಯಾವ ಕಟ್ಟೂ ಇಲ್ಲ. ಆದರೆ ಉಂಡ ಮನೆಯಲ್ಲಿ ಬೇಡ ಅನ್ನುವುದು ಹೇಗೆ? ದೊರೆ ನಾಚಿಕೊಂಡು ಅಗಿದೇಬಿಟ್ಟ.

ಉಳಿಯಲು ಬಂದಾಗ ಕೋಣೆಯ ಬಾಡಿಗೆಗೆ ಕೊಡಲೆಂದು ರಕ್ಕಸನೇ ಒಂದು ಚೀಲ ಕವಡೆ ಕೊಟ್ಟ. ಮರುವರ್ಷ ಹೋದರೆ, "ಹೊಳೆ ಕಾಣುವ ಕೋಣೆಗೆ ಈ ಕವಡೆ ಸಾಲದು" ಎಂದ. ಮಹಲಿನ ಸುಣ್ಣಬಣ್ಣಕ್ಕೆಂದು ಅರಮನೆಯಿಂದ ವರ್ಷವರ್ಷವೂ ಗಾಡಿಗಟ್ಟಲೆ ಭತ್ತ ಮಾತ್ರ ತಪ್ಪದೆ ಹೋಗುತ್ತಿತ್ತು. ಕಣಜ ಬರಿದಾದಾಗ ರಕ್ಕಸ ಹೇಳಿಕಳಿಸಿದ: "ಮಕ್ಕಳಿಗೂ ಹೀಗೇ ಅಂದಿದ್ದೆನಲ್ಲ. ಹುಣ್ಣಿಮೆಗೆ ಮಗಳನ್ನು ಕಳಿಸು, ಬದುಕಿರುವವರೆಗೂ ಮಹಲು ಗುಡಿಸಲಿ. ಆಗದಿದ್ದರೆ ನನ್ನ ಒಗಟು ಒಡೆಯುವವನನ್ನು ಕಳಿಸು."

ಹೊಳೆ ದಾಟಿಸುವವನು ಹರಿಗೋಲಿನ ದ್ಯಾವ. ಅವನನ್ನು ಸಾಕಿದವಳು ಅಕ್ಕ ಚೌಡವ್ವ. ಸಂತೆಯಲ್ಲಿ ಬದನೆಕಾಯಿ ಕೊಳ್ಳಬೇಕಾದರೂ "ಅಕ್ಕನ್ನ ಕೇಳ್ಕೊಂಡು ಬತ್ತೀನಿ" ಅನ್ನುವ ಆಸಾಮಿ ಅವನು. ಊರೆಲ್ಲ ನಗುತ್ತಿತ್ತು. ನಗಲಿ, ನಗುವವರಿಗೇನು ಬರಗಾಲ!

ಮೊದಲು ಕೋಟೆಯೂರಿನ ಯುವರಾಜ ಹೋದ. ಉಂಡ, ವೀಳ್ಯ ಅಗಿದ. ರಕ್ಕಸ ಕೇಳಿದ: "ಬಿಟ್ಟಿ ಸಿಗುತ್ತದೆ, ತಿಂದವನು ಬದುಕೆಲ್ಲ ತೆರುತ್ತಾನೆ. ಏನದು? ಈಗಲೇ ಹೇಳು!"

"ತಾಯಿಯ ಹಾಲು" ಎಂದ ಯುವರಾಜ. ಅಲ್ಲೇ ಕಂಬವಾದ. ಜವಳಿ ಸಾಹುಕಾರನ ಮಗ ಮೀಸೆ ತಿರುವಿಕೊಂಡು ಹೋಗಿ "ಹೆಣ್ಣಿನ ನಗು" ಎಂದ. ಅವನೂ ಕಂಬವಾದ. ಮೆಟ್ಟಿಲ ಬಳಿ ಕಾಯುತ್ತಿದ್ದ ದ್ಯಾವನಿಗೆ ಎಲ್ಲವೂ ಕೇಳಿಸುತ್ತಿತ್ತು.

ಹುಣ್ಣಿಮೆಗೆ ಇನ್ನೆರಡು ದಿನವಿದ್ದಾಗ ಕೇತಲೆಯೇ ಹೊಳೆದಂಡೆಗೆ ಬಂದಳು. "ದಾಟಿಸು ದ್ಯಾವ. ನನಗಾಗಿ ಇನ್ನೊಬ್ಬ ಕಲ್ಲಾಗುವುದು ಬೇಡ" ಎಂದಳು. ಅವಳ ಕಣ್ಣು ಅತ್ತು ಊದಿತ್ತು.

"ತಡೀರಿ ತಾಯಿ. ಅಕ್ಕನ್ನ ಕೇಳಿದೀನಿ, ಹೋಗು ಅಂದವ್ಳೆ" ಎಂದು ಒಬ್ಬನೇ ಹರಿಗೋಲು ಹತ್ತಿದ.

ರಕ್ಕಸ ಬಾಗಿಲಲ್ಲೇ ಹಾರ ಹಾಕಿದ. "ಬುತ್ತಿ ತಂದಿವ್ನಿ" ಎಂದು ದ್ಯಾವ ಎಲೆಗೆ ಕೂರಲಿಲ್ಲ. ವೀಳ್ಯ ಕೊಟ್ಟರೆ ಕಣ್ಣಿಗೊತ್ತಿ, ಹೆಗಲ ಮೇಲಿನ ಒದ್ದೆ ವಲ್ಲಿಯ ತುದಿಗೆ ಕಟ್ಟಿಕೊಂಡ. ರಕ್ಕಸನ ನಗು ಅರ್ಧಕ್ಕೆ ನಿಂತಿತು.

ರಕ್ಕಸ ಕೇಳಿದ ಅದೇ ಮೊದಲ ಒಗಟಿಗೆ ದ್ಯಾವ, "ಗಾಳಕ್ಕೆ ಚುಚ್ಚಿದ ಎರೆಹುಳ. ನಿಮ್ಮ ಹೋಳಿಗೇನೂ ಅದೇ ಜಾತಿ" ಎಂದ.

ರಕ್ಕಸ ಎರಡನೆಯದು ಕೇಳಿದ: "ನನ್ನದು ಎಂದು ಹೇಳಿಕೊಳ್ಳಬಹುದು, ಬೇಕೆಂದಾಗ ಇರುವಂತಿಲ್ಲ. ಮಾರಹೋದರೆ ಕೊಳ್ಳುವವರಿಲ್ಲ. ಸತ್ತರೂ ಮಕ್ಕಳ ಬೆನ್ನು ಬಿಡುವುದಿಲ್ಲ. ಏನದು?"

"ಈ ಮಹಲಿನಾಗೆ ನಮ್ಮ ದೊರೆಗಳ ಪಾಲು."

ರಕ್ಕಸ ಹಲ್ಲು ಕಡಿದ. "ಇವತ್ತು ಬಿಟ್ಟರೆ ಮತ್ತೆ ಸಿಗದು ಎಂದು ಎಲ್ಲರೂ ಎದ್ದುಬಿದ್ದು ಹಿಡಿಯುತ್ತಾರೆ. ಮನೆಗೆ ಹೋಗಿ ಮಲಗಿ ಎದ್ದವನಿಗೆ ಮಾತ್ರ ಅದು ಬರೀ ಸುಳ್ಳು. ಏನದು? ಈಗಲೇ ಹೇಳು! ಹೊಸ್ತಿಲು ದಾಟಿದರೆ ಒಗಟೂ ಇಲ್ಲ, ರಾಜಕುಮಾರಿಯೂ ಇಲ್ಲ!"

ದ್ಯಾವನಿಗೆ ಹೊಳೆಯಲಿಲ್ಲ. ಆದರೂ ಬಾಯಿಗೆ ಅಭ್ಯಾಸದ ಮಾತೇ ಬಂತು. "ಅಕ್ಕನ್ನ ಕೇಳ್ಕೊಂಡು ಬತ್ತೀನಿ, ಬುದ್ಧಿ."

ರಕ್ಕಸ ಅರಚಿದ, ಬೇಡಿದ, ಎರಡು ಚೀಲ ಕವಡೆ ಹೆಚ್ಚಿಗೆ ಕೊಡುತ್ತೇನೆಂದ. ವೀಳ್ಯ ಅಗಿಯದವನನ್ನು ಹಿಡಿದಿಡುವ ಶಕ್ತಿ ಮಾತ್ರ ಅವನಿಗಿರಲಿಲ್ಲ.

ಚೌಡವ್ವ ರೊಟ್ಟಿ ತಟ್ಟುತ್ತಲೇ ಎಲ್ಲ ಕೇಳಿಸಿಕೊಂಡಳು. "ಇವತ್ತೇ ಅಂದೋನು ನಾಳೆ ಏನಂತಾನೆ ನೋಡ್ಕೊಂಡು ಬಾರ್ಲಾ. ಈಗ ಉಂಡು ಮಲಕ್ಕೋ" ಎಂದಳು.

ಬೆಳಗ್ಗೆ ದ್ಯಾವ ಹೋದರೆ, ರಕ್ಕಸ ಹಾರ ಹಿಡಿದು ಅದೇ ಬಾಗಿಲಲ್ಲಿ ನಿಂತಿದ್ದ. "ಬಾ ದ್ಯಾವಪ್ಪ, ನಿನಗೋಸ್ಕರ ಇವತ್ತೊಂದು ದಿನ..."

ದ್ಯಾವ ನಕ್ಕುಬಿಟ್ಟ. "ಅದೇ ಬುದ್ಧಿ! ನಿಮ್ಮ 'ಇವತ್ತಿಗೆ ಮಾತ್ರ' ಅನ್ನೋ ಮಾತೇ ಉತ್ತರ. ನೆನ್ನೇನೂ ಇತ್ತು, ಇವತ್ತೂ ಐತೆ!" ವಲ್ಲಿ ಬಿಚ್ಚಿ, ಇನ್ನೂ ಹಸಿರಾಗಿದ್ದ ವೀಳ್ಯವನ್ನು ರಕ್ಕಸನ ಅಂಗೈಗೆ ಹಾಕಿದ. "ಮೂರು ಒಗಟೂ ಒಡೆದಾಯ್ತು. ಇನ್ನು ನಂದೂ ಬ್ಯಾಡ, ದೊರೆಗಳ ಪಾಲೂ ಬ್ಯಾಡ."

ಕಂಬಗಳು ಮೈಮುರಿದು ಎದ್ದವು. ಯುವರಾಜ, ಸಾಹುಕಾರನ ಮಗ, ಯಾವ ಯಾವ ಕಾಲದಲ್ಲೋ ಸಿಕ್ಕಿಬಿದ್ದವರು ಎಲ್ಲರೂ ಹೊರಗೋಡಿದರು. ಹೊತ್ತು ನಿಲ್ಲುವವರು ಹೋದ ಮೇಲೆ ಮಹಲು ಎಲ್ಲಿ ನಿಂತೀತು? ಕುಸಿದು ಹೊಳೆಗೆ ಬಿತ್ತು. ರಕ್ಕಸ ಹಾರದ ಸಮೇತ ಕಾಡಿಗೆ ಓಡಿದ.

ದೊರೆ ಸಂತೋಷಕ್ಕೆ ಸಿಂಹಾಸನದಿಂದ ಇಳಿದೇ ಬಂದ. "ಅರ್ಧ ರಾಜ್ಯ, ಮಗಳು, ಎರಡೂ ನಿನಗೆ. ಇವತ್ತೇ ಮುಹೂರ್ತ!" ಎಂದು ವೀಳ್ಯ ಚಾಚಿದ.

ದ್ಯಾವ ದೊರೆಗೂ ಪಕ್ಕದಲ್ಲಿದ್ದ ಕೇತಲೆಗೂ ಕೈ ಮುಗಿದ. "ಅಕ್ಕನ್ನ ಕೇಳ್ಬೇಕು ಮಹಾಪ್ರಭು. ಅದಕ್ಕೂ ಮೊದಲು ಇವರನ್ನ ಕೇಳ್ಬೇಕಲ್ಲ?"

ಕೇತಲೆ ತಂದೆಯ ಮುಖ ನೋಡಿದಳು. ಹುಟ್ಟಿದಾಗಿನಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. "ನಾನೂ ಒಂದು ರಾತ್ರಿ ಮಲಗಿ ಎದ್ದು ಹೇಳುತ್ತೇನೆ" ಎಂದಳು.

ಮರುದಿನ ಬೆಳಗ್ಗೆ ಅವಳು ಪಲ್ಲಕ್ಕಿ ಬಿಟ್ಟು ನಡೆದೇ ಹೊಳೆದಂಡೆಗೆ ಬಂದಳು. ಕೈಯಲ್ಲಿ ವೀಳ್ಯವಿತ್ತು. ದ್ಯಾವ ದಂಡೆಯಲ್ಲೇ ಇದ್ದ ಅಕ್ಕನ ಕಡೆ ನೋಡಿದ.

"ನನ್ನೇನ್ ನೋಡ್ತೀಯೋ, ತಗೋ!" ಎಂದಳು ಚೌಡವ್ವ.

ದ್ಯಾವ ವೀಳ್ಯ ತೆಗೆದುಕೊಂಡು ಅಗಿದ.