ಯಾರೆಂದು ಕೇಳದ ಬಾಗಿಲು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ, ಅದಕ್ಕೆ ಅಂಟಿಕೊಂಡು ಒಂದು ಕಣ್ಣಾಸ್ಪತ್ರೆ. ಎರಡನ್ನೂ ನೋಡಿಕೊಳ್ಳುತ್ತಿದ್ದವರು ಮುರಿಗಯ್ಯ ಅಜ್ಜಾರು.

ಕಾವಿ ಉಡುವ ಮೊದಲು ಅಜ್ಜಾರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ತಂತಿ ಜೋಡಿಸಿದವರು. ಹಾಗಾಗಿ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಕೂಡಿಸುವ ರೂಟರ್ ಪೆಟ್ಟಿಗೆಯೂ ಅವರಿಗೆ ಪೂಜಾಸಾಮಗ್ರಿಯ ಪೈಕಿಯೇ.

ಅವರ ಶಿಷ್ಯ ಶಂಭುಲಿಂಗ. ಜಾಣ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಇವನ ಕೊಡ ಮುಕ್ಕಾಲು ತುಂಬಿತ್ತು, ದಿನಕ್ಕೆರಡು ಸಲ ತುಳುಕುತ್ತಿತ್ತು.

ಹೊಳೆಯ ಆಚೆ ದಂಡೆಯಲ್ಲಿ ಹೊಸ ಆಸ್ಪತ್ರೆ ಏಳುತ್ತಿತ್ತು. ಅದರ ನೆಟ್‌ವರ್ಕನ್ನು ತಾನೊಬ್ಬನೇ ಕಟ್ಟಬೇಕು ಎಂಬುದು ಶಂಭುಲಿಂಗನ ದೊಡ್ಡ ಆಸೆ.

“ಮೊದಲು ಈ ಪೆಟ್ಟಿಗಿ ಬಾಗಲಾ ಭದ್ರ ಮಾಡು,” ಅಂದಿದ್ದರು ಅಜ್ಜಾರು. “ಅದು ಸರಿ ಆದ ದಿನ ಆಚೀ ದಂಡಿ ನಿನ್ನ ಕೈಗೆ.”

ಮರುದಿನ ಬೆಳಿಗ್ಗೆ ಶಂಭುಲಿಂಗ ಆಸ್ಪತ್ರೆಗೆ ಬಂದ. ಗೇಟಿನಲ್ಲಿ ಕಾವಲುಗಾರ ಬಾಳಪ್ಪ ರಿಜಿಸ್ಟರ್ ಮುಂದೆ ಹಿಡಿದ.

“ಹೆಸರು ಬರೀರಿ.”

“ಬಾಳಪ್ಪಣ್ಣ, ಆರು ವರ್ಷದಿಂದ ನೋಡಾಕತ್ತಿ. ನನ್ನ ಗುರ್ತಿಲ್ಲೇನು?”

“ಗುರ್ತೈತ್ರಿ. ಹೆಸರು ಬರೀರಿ.”

ಶಂಭುಲಿಂಗ ಬರೆಯಲಿಲ್ಲ. ಹಾಗೇ ಒಳಗೆ ನಡೆದುಬಿಟ್ಟ.

ಜಗಲಿಯ ಮೇಲೆ ಕೂತಿದ್ದ ಅಜ್ಜಾರು ಅದನ್ನು ನೋಡಿದರು. 

ಮಧ್ಯಾಹ್ನದ ಹೊತ್ತಿಗೆ ಅವನು ಎದೆ ಉಬ್ಬಿಸಿಕೊಂಡು ಹೊರಗೆ ಬಂದ.

“ಅಜ್ಜಾರ, ಮುಗೀತ್ರಿ. ಪೆಟ್ಟಿಗಿ ಒಳಗ ಹೋಗಾಕ ಎರಡು ದಾರಿ ಅದಾವು. ಮುಂದ ಕೂತು ಕೇಬಲ್ ಚುಚ್ಚಿ ಹೋಗೂದು ಒಂದು. ದೂರದಿಂದ ನೆಟ್‌ವರ್ಕ್ ಮ್ಯಾಲೆ ಬರೂದು ಇನ್ನೊಂದು. ಎರಡಕ್ಕೂ ಪಾಸ್‌ವರ್ಡ್ ಇಟ್ಟೀನಿ. ಹದಿನಾರು ಅಕ್ಷರ! ಬ್ರಹ್ಮ ಬಂದ್ರೂ ಹೇಳಾಕ ಆಗೂದಿಲ್ಲ.”

“ಹೊರಗ ನಿಂತು ನೋಡಿಯೇನು?”

“ಇಟ್ಟಾಂವ ನಾನ. ಮತ್ತೇನು ನೋಡೂದ್ರಿ?”

ಅಜ್ಜಾರು ಎದ್ದರು. ಪಡಸಾಲೆಯ ಬೆಂಚಿನ ಮೇಲೆ ಫಕೀರವ್ವ ಎಂಬ ಮುದುಕಿ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಅವಳಿಗೆ ಎಲ್ಲವೂ ಮಬ್ಬು.

“ಫಕೀರವ್ವಾ, ನಾಳೆ ಯಾವ ಕಣ್ಣಿನ ಆಪರೇಶನ್?”

“ಬಲಗಣ್ಣು ಯಪ್ಪಾ. ಎಡಗಣ್ಣಿಗೆ ಇನ್ನೂ ವ್ಯಾಳೆ ಐತಂತ.”

“ಡಾಕ್ಟರಿಗೆ ಅದು ನೆನಪಿರತೈತೇನು?”

“ಕಂಪ್ಯೂಟರಿನ್ಯಾಗ ಬರದಾರಂತ ಯಪ್ಪಾ.”

“ಅದು ಹಾದು ಹೋಗೂ ಪೆಟ್ಟಿಗಿ ತೋರಸ್ತೀನಿ, ಬಾ,” ಎಂದು ಅಜ್ಜಾರು ಅವಳ ಕೈಹಿಡಿದು ರೂಟರ್ ಇದ್ದ ಕೋಣೆಗೆ ಕರೆದೊಯ್ದರು. ಶಂಭುಲಿಂಗ ಹಿಂದೆಯೇ ಹೋದ.

ಅಜ್ಜಾರು ನೀಲಿ ಕೇಬಲ್ಲಿನ ಒಂದು ತುದಿಯನ್ನು ಪೆಟ್ಟಿಗೆಗೆ ಚುಚ್ಚಿದರು, ಇನ್ನೊಂದನ್ನು ಲ್ಯಾಪ್‌ಟಾಪಿಗೆ. ಫಕೀರವ್ವನ ಬೆರಳನ್ನು ಎಂಟರ್ ಕೀಲಿಯ ಮೇಲೆ ಇಟ್ಟರು.

“ಒತ್ತವ್ವಾ.”

ಒತ್ತಿದಳು. ಪರದೆಯ ಮೇಲೆ ರೂಟರಿನ ಹೆಸರು ಬಂತು, ಮುಂದಿನ ಅಪ್ಪಣೆಗೆ ಕಾಯುತ್ತ ನಿಂತಿತು.

“ಏನಾತು ಯಪ್ಪಾ?”

“ಒಳಗ ಬಂದಿ.”

“ನನಗ ಯಾರೂ ಏನೂ ಕೇಳಲೇ ಇಲ್ಲಲ್ಲ!”

ಶಂಭುಲಿಂಗನ ಮುಖ ಕೆಂಪಾಯಿತು. ಲ್ಯಾಪ್‌ಟಾಪನ್ನು ಎಳೆದುಕೊಂಡು ಸೆಟ್ಟಿಂಗ್ ತೆರೆದ.

“ಪಾಸ್‌ವರ್ಡ್ ಐತ್ರಿ ಅಜ್ಜಾರ! ನೋಡ್ರಿ, ಇಲ್ಲೇ ಐತಿ!”

“ಐತಿ. ಬಂದವರಿಗೆ ಅದನ್ನ ಕೇಳು ಅಂತ ಬಾಗಲಕ್ಕ ಹೇಳೀಯೇನು?”

ಹೇಳಿರಲಿಲ್ಲ. ಪಾಸ್‌ವರ್ಡಿನ ಕೆಳಗೆ ‘ಲಾಗಿನ್’ ಎಂಬ ಒಂದು ಪದ ಬರೆಯಬೇಕಿತ್ತು. ಬರೆದರೆ ಮಾತ್ರ ಪೆಟ್ಟಿಗೆ ಕೇಳುತ್ತದೆ. ಕೇಬಲ್ಲಿನ ದಾರಿಗೂ ಬರೆದಿರಲಿಲ್ಲ, ದೂರದ ದಾರಿಗೂ ಬರೆದಿರಲಿಲ್ಲ.

ಅವನು ಫಕೀರವ್ವನ ಕಣ್ಣುಗಳನ್ನು ನೋಡಿದ. ಬಲಗಣ್ಣು, ಎಡಗಣ್ಣು. ಯಾರೋ ಬಂದು ಸುಮ್ಮನೆ ಕೈಯಾಡಿಸಿ ಹೋಗಿದ್ದರೆ? ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಭಯವಾಯಿತು.

“ನಾ ಬರದಾಗ ಎಲ್ಲಾ ಸರಿ ಕಂಡಿತ್ರಿ,” ಅಂದ ಮೆಲ್ಲಗೆ.

“ಒಳಗ ಕೂತಾಂವಗ ಎಲ್ಲಾ ಬಾಗಲಾನೂ ಗಟ್ಟಿ.”

ಶಂಭುಲಿಂಗ ಎರಡೂ ದಾರಿಗೆ ಆ ಪದ ಬರೆದ. ಸೇವ್ ಮಾಡಲು ಹೋದ. ಅಜ್ಜಾರು ಅವನ ಕೈ ಹಿಡಿದರು.

“ತಡಿ. ಸೇವ್ ಮಾಡಲಾರದ್ದನ್ನ ಕರೆಂಟ್ ತಗದ್ರ ಪೆಟ್ಟಿಗಿ ಮರೀತೈತಿ. ಸೇವ್ ಮಾಡಿದ್ರ ತಪ್ಪನ್ನೂ ನೆನಪಿಟ್ಟಕೋತೈತಿ. ಆಚೀ ದಂಡಿಗೆ ಹೋಗಿ ಅಲ್ಲಿಂದ ಒಳಗ ಬಾ. ಅಲ್ಲೀತನಕ ಕಾಯಾಕ ನಾನೂ ಫಕೀರವ್ವನೂ ಇಲ್ಲೇ ಕೂಡ್ತೀವಿ.”

ಶಂಭುಲಿಂಗ ದೋಣಿ ಹತ್ತಿದ.

ಹೊಸ ಆಸ್ಪತ್ರೆಯಲ್ಲಿ ಇನ್ನೂ ಸಿಮೆಂಟಿನ ವಾಸನೆ. ಮೂಲೆಯ ಮೇಜಿನ ಮೇಲೆ ಇಂಟರ್ನೆಟ್ ಇದ್ದ ಒಂದೇ ಒಂದು ಕಂಪ್ಯೂಟರ್. ಅದರಿಂದ ಅವನು ಈಚೆ ದಂಡೆಯ ರೂಟರನ್ನು ಕರೆದ.

ಪಾಸ್‌ವರ್ಡ್? ಎಂದು ಕೇಳಿತು.

ಅವನಿಗೆ ಹಿಗ್ಗೋ ಹಿಗ್ಗು. ಅವಸರದಲ್ಲಿ ಹದಿನಾರು ಅಕ್ಷರ ಒತ್ತಿದ. ಒತ್ತುವಾಗ ಒಂದಕ್ಷರವೂ ಕಣ್ಣಿಗೆ ಕಾಣುವುದಿಲ್ಲ. ತಪ್ಪು.

ಮತ್ತೆ ಒತ್ತಿದ. ತಪ್ಪು.

ಮೂರನೆಯ ಸಲವೂ ತಪ್ಪಿತು. ರೂಟರ್ ಸಂಪರ್ಕವನ್ನೇ ಕಡಿದು ಅವನನ್ನು ಹೊರಗೆ ಹಾಕಿತು.

“ಏ, ನಾನೋ!” ಎಂದು ಶಂಭುಲಿಂಗ ಮೇಜು ಗುದ್ದಿದ. “ನಿನಗ ಮಾತು ಕಲಿಸಿದಾಂವ ನಾನ!”

ಗೋಡೆಗೆ ಸುಣ್ಣ ಬಳಿಯುತ್ತಿದ್ದವನು ತಿರುಗಿ ನೋಡಿ ನಕ್ಕ. ಪರದೆಗೆ ಮಾತ್ರ ಏನೂ ಅನ್ನಿಸಲಿಲ್ಲ.

ಶಂಭುಲಿಂಗ ಗುದ್ದಿದ ಕೈ ನೀವಿಕೊಂಡ. ಗೇಟಿನ ಬಳಿ ರಿಜಿಸ್ಟರ್ ಹಿಡಿದು ನಿಂತ ಬಾಳಪ್ಪ ಯಾಕೋ ನೆನಪಾದ. ಆಮೇಲೆ ರೂಟರನ್ನು ಮತ್ತೆ ಕರೆದು, ಒಂದೊಂದೇ ಅಕ್ಷರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಿಧಾನವಾಗಿ ಒತ್ತಿದ.

ಬಾಗಿಲು ತೆರೆಯಿತು.

ಅವನು ಮರಳಿ ಬಂದಾಗ ಸಂಜೆಯಾಗಿತ್ತು. ಬಾಳಪ್ಪ ಈ ಸಲ ಕೇಳುವ ಗೋಜಿಗೆ ಹೋಗಲಿಲ್ಲ. ಶಂಭುಲಿಂಗನೇ ರಿಜಿಸ್ಟರ್ ಎಳೆದುಕೊಂಡ. ಬೆಳಿಗ್ಗೆ ಬಂದಿದ್ದನ್ನೂ ಸೇರಿಸಿ ಎರಡು ಸಾಲು ಬರೆದು ಒಳಗೆ ನಡೆದ.

ರೂಟರಿನ ಕೋಣೆಯಲ್ಲಿ ಅಜ್ಜಾರು ಎಚ್ಚರವಾಗಿ ಕೂತಿದ್ದರು. ಫಕೀರವ್ವ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು.

“ಪೆಟ್ಟಿಗಿ ಕೇಳ್ತೇನು?”

“ಕೇಳ್ತ್ರಿ. ಮೂರು ಸಲ ತಪ್ಪಿದೆ. ಹೊರಗ ಹಾಕ್ತು.”

“ನೀ ಯಾರಂತ ಹೇಳಲಿಲ್ಲೇನು?”

“ಹೇಳಿದೆನ್ರಿ. ಒದರಿ ಹೇಳಿದೆ.”

“ಮತ್ತ?”

“ನನ್ನ ಗುರ್ತ ಹಿಡೀಲಿಲ್ರಿ ಅಜ್ಜಾರ.”

ಅಜ್ಜಾರು ಎದ್ದು ಲ್ಯಾಪ್‌ಟಾಪನ್ನು ಅವನ ಕಡೆ ಸರಿಸಿದರು. ಆಚೆ ದಂಡೆಯ ಆಸ್ಪತ್ರೆಯ ಬೀಗದ ಕೈಯನ್ನು ಸೊಂಟದಿಂದ ತೆಗೆದು ಅದರ ಪಕ್ಕದಲ್ಲಿಟ್ಟರು.

“ನಿನ್ನನ್ನೂ ತಡೀತಲ್ಲ. ಈಗ ಸೇವ್ ಮಾಡು.”